ಎರಡನೇ ರಿಮೋಟ್

ನನ್ನ ಅಣ್ಣ ಸಂಜು ಬಹಳ ಒಳ್ಳೆಯವನು. ಇದನ್ನು ಹೇಳುವವಳು ನಾನಲ್ಲ, ಬೈಲಹೊಂಗಲದ ನಮ್ಮ ಓಣಿ. ಎಂ.ಕೆ. ಹುಬ್ಬಳ್ಳಿಯಲ್ಲಿ ಮನೆ ಮಾಡಿದ್ದಾನೆ, ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಪ್ರತಿ ವರ್ಷ ನಾಗರ ಪಂಚಮಿಗೆ ತಾನೇ ನನ್ನ ಗಂಡನೂರು ಸವದತ್ತಿಗೆ ಬಂದು, ತಂಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ತವರಿಗೆ ಕರೆದೊಯ್ಯುತ್ತಾನೆ. ನಮ್ಮ ಗಿರಣಿಗೆ ಜೋಳ ಬೀಸಲು ಬಂದ ಹೆಂಗಸರು ಆ ಕಾರು ನೋಡಿ, "ಅಣ್ಣ ಅಂದ್ರ ಹಿಂಗಿರಬೇಕ ನೋಡವಾ" ಅನ್ನುತ್ತಾರೆ. ಹಿಟ್ಟು ಬಡಿದ ಮುಖ ಒರೆಸಿಕೊಳ್ಳುತ್ತ ನಾನೂ ಹೂಂ ಅನ್ನುತ್ತಿದ್ದೆ. ಎರಡು ಸಾವಿರದ ಎಂಟರ ಪಂಚಮಿಯವರೆಗೆ ಹಾಗೆ ಅಂದೆ.

ಸಂಜು ನನಗಿಂತ ವರ್ಷ, ಒಂದೂವರೆ ವರ್ಷಕ್ಕೆ ದೊಡ್ಡವನು. ಆದರೂ ನಾವಿಬ್ಬರೂ ಒಂದೇ ವರ್ಗದಲ್ಲಿ ಓದಿದೆವು. ಅವನು ಸಾಲೆಗೆ ಹೊರಟ ದಿನ ನಾನೂ ಬರುತ್ತೇನೆಂದು ಬೀದಿಯಲ್ಲಿ ಬಿದ್ದು ಹೊರಳಾಡಿದೆನಂತೆ. ಮಾಸ್ತರರು ನನ್ನ ವಯಸ್ಸನ್ನು ತಾವೇ ದೊಡ್ಡದು ಮಾಡಿ ಬರೆದುಕೊಂಡು, ಅಣ್ಣನ ಪಕ್ಕ ಕೂರಿಸಿದರಂತೆ. ಹೀಗಾಗಿ ಮಗ್ಗಿ ಕಲಿತದ್ದೂ ಕೂಡಿ, ಪೆಟ್ಟು ತಿಂದದ್ದೂ ಕೂಡಿ. ಲೆಕ್ಕದಲ್ಲಿ ನಾನು ಮುಂದಿದ್ದೆ. ಅದನ್ನು ಯಾರಾದರೂ ಎತ್ತಿ ಆಡಿದರೆ ಸಂಜು ನಗುತ್ತಿದ್ದ, ಒಳ್ಳೆಯವನಲ್ಲವೇ.

ಸಾಲೆ ಬಿಟ್ಟರೆ ನಮ್ಮ ಕಾಲು ತಾವಾಗಿಯೇ ಹೋಗುತ್ತಿದ್ದುದು ಟಿಪ್ಪುಸಾಬ ಕಾಕಾನ ಅಂಗಡಿಗೆ. ಕಾಕಾ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ. ಮುಂದಿನ ಖೋಲಿಯಲ್ಲಿ ಒಂದು ಹಳೆಯ ಟಿವಿಗೆ ವಿಡಿಯೋ ಗೇಮಿನ ಸೆಟ್ ಜೋಡಿಸಿ ಇಟ್ಟಿದ್ದ. ಕಾಕಾನ ಹೆಂಡತಿ ಜಮೀಲಾಬಿಯೂ ನಮ್ಮವ್ವ ಕೆಂಚವ್ವನೂ ಒಂದೇ ನಳದ ನೀರು ತುಂಬಿದವರು. ಹಾಗಾಗಿ ಹೆಣ್ಣುಹುಡುಗಿ ನಾನು ಗಂಡುಹುಡುಗರ ನಡುವೆ ಕೂತು ಆಡಿದರೂ ಯಾರೂ ಹುಬ್ಬು ಗಂಟು ಹಾಕಲಿಲ್ಲ. ಮೇಲಾಗಿ ಅಣ್ಣ ಜೊತೆಗಿದ್ದನಲ್ಲ!

ನಮ್ಮದು ಹಳದಿ ಕ್ಯಾಸೆಟ್ಟು. ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು, ಒಬ್ಬನಿಗೆ ಕೆಂಪು ರುಮಾಲು, ಒಬ್ಬನಿಗೆ ನೀಲಿ. ಜಡ್ಡಿಗೆ ಬಿದ್ದ ತಾಯಿಗಾಗಿ ಹೊಳೆಯಾಚೆಯ ಗುಡ್ಡದಿಂದ ಔಷಧ ತರಲು ಇಬ್ಬರೂ ಹೊರಡುತ್ತಾರೆ. ಇದು ನಾವು ಚಿತ್ರ ನೋಡಿ ಕಟ್ಟಿಕೊಂಡ ಕತೆ. ಕ್ಯಾಸೆಟ್ಟು ಎಲ್ಲಿಂದ ಎಲ್ಲಿಗೆ ಸುತ್ತಿ ಬಂದಿತ್ತೋ, ಅದರೊಳಗಿನ ಮಾತೆಲ್ಲ ಜಪಾನೀ ಅಕ್ಷರದಲ್ಲಿತ್ತು. ನಮ್ಮ ಪಾಲಿಗೆ ಗೋಡೆಯ ಮೇಲೆ ಇರುವೆ ಹರಿದ ಹಾಗೆ. ಕೆಂಪು ರುಮಾಲು ಸಂಜುವಿನದು, ಮೊದಲನೇ ರಿಮೋಟ್. ನೀಲಿ ನನ್ನದು, ಎರಡನೇ ರಿಮೋಟ್. ಈ ಎರಡನೆಯದರಲ್ಲಿ ಓಡಿಸಬಹುದಿತ್ತು, ಹಾರಿಸಬಹುದಿತ್ತು, ಹೊಡೆಯಬಹುದಿತ್ತು. ಆದರೆ ನಡುವೆ ಇರಬೇಕಾದ ಎರಡು ಚಿಕ್ಕ ಗುಂಡಿಗಳು ಇರಲಿಲ್ಲ. ಆಟ ಏನಾದರೂ ಕೇಳಿದರೆ ಉತ್ತರ ಹೇಳುವುದು ಮೊದಲನೆಯದರ ಹಕ್ಕು.

ಹಾವು, ಹದ್ದು, ಕಲ್ಲುಬಂಡೆ ಎಲ್ಲ ದಾಟಿ ಬಂದರೆ ಕೊನೆಗೊಂದು ಹೊಳೆ. ದಂಡೆಯ ಮೇಲೆ ಗಡ್ಡದ ಅಂಬಿಗ. ಅವನು ಏನೋ ಕೇಳುತ್ತಿದ್ದ. ಕೆಳಗೆ ಎರಡು ಉತ್ತರ, ಒಂದರ ಕೆಳಗೊಂದು. ಸಂಜು ಮೇಲಿನದನ್ನು ಒತ್ತುತ್ತಿದ್ದ. ಕೆಂಪು ರುಮಾಲಿನವನು ದೋಣಿ ಹತ್ತಿ ಹೋಗುತ್ತಿದ್ದ. ನೀಲಿಯವನು ದಂಡೆಯ ಮೇಲೆ ನಿಂತು ಕೈ ಬೀಸುತ್ತಿದ್ದ. ನಾನು ರಿಮೋಟ್ ಕೆಳಗಿಟ್ಟು, ಮುಂದಿನದನ್ನು ನೋಡುತ್ತ ಕೂರುತ್ತಿದ್ದೆ. ದಾಟಿದವನ ಹೆಸರನ್ನು ಕಾಕಾ ಬಾಗಿಲ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆಯುತ್ತಿದ್ದ. ಅಲ್ಲಿ ಸಂಜುವಿನ ಹೆಸರು ಅಳಿಸಿದ್ದೇ ಇಲ್ಲ.

"ಕೆಳಗಿಂದು ಒತ್ತಿದ್ರ ಏನಾಕ್ಕೈತಿ?" ಅಂತ ಒಮ್ಮೆ ಕೇಳಿದ್ದೆ. ಆ ಕೆಳಗಿನ ಉತ್ತರದಲ್ಲಿ ಎರಡೆರಡು ಕಡ್ಡಿ ನಿಲ್ಲಿಸಿದ ಹಾಗೆ ಅಕ್ಷರಗಳಿದ್ದವು. ಎರಡು ಕಡ್ಡಿ ಅಂದರೆ ಇಬ್ಬರು ಇರಬಹುದೇನೋ ಅಂತ ನನ್ನ ಹುಚ್ಚು ಲೆಕ್ಕ.

"ಕ್ಯಾಸೆಟ್ಟ ಸುಡತೈತಿ," ಅಂದ ಸಂಜು. "ಬೆಳಗಾವ್ಯಾಗ ಒಂದ ಅಂಗಡ್ಯಾಗ ಹಂಗಾ ಆಗಿ ಸೆಟ್ಟೂ ಹೋತಂತ. ದೋಣ್ಯಾಗ ಒಬ್ಬರಿಗೇ ಜಾಗ ಗಂಗಾ. ಆಟಾನ ಹಂಗೈತಿ."

ಈ ಮಾತು ಕಾಕಾನ ಕಿವಿಗೂ ಬಿತ್ತು. ಸುಡುತ್ತದೆಂದು ಕಾಕಾ ನಂಬಿದನೋ ಇಲ್ಲವೋ, ಹಳದಿ ಕ್ಯಾಸೆಟ್ಟು ಮತ್ತೊಂದು ಸಿಗುವಂಥದ್ದಲ್ಲ. ಟಿವಿಯ ಮೂಲೆಗೆ ಬಿಳಿ ಪಟ್ಟಿ ಅಂಟಿಸಿ, "ಕೆಳಗಿನದು ಒತ್ತಬಾರದು" ಅಂತ ಬರೆದ. ಅಲ್ಲಿಗೆ ಅದು ಬೈಲಹೊಂಗಲದ ಕಾನೂನಾಯಿತು. ಸಂಪಗಾಂವದಿಂದ ಬಂದು ಆಡುವ ಹುಡುಗರೂ ಆ ಪಟ್ಟಿಗೆ ಹೆದರಿ ಮೇಲಿನದನ್ನೇ ಒತ್ತುತ್ತಿದ್ದರು. ನಮ್ಮ ಮನೆಯಲ್ಲಂತೂ ಅದು ಮಾತಿನ ಮಾತಾಯಿತು. ಒಂದೇ ಹೋಳಿಗೆ ಉಳಿದಿದ್ದರೆ ಸಂಜು ನನ್ನ ಕಡೆ ನೋಡಿ, "ದೋಣಿ ಬಂತ ನೋಡ" ಅನ್ನುತ್ತಿದ್ದ. ನಾನು ನಕ್ಕು, "ರಿಮೋಟ್ ಕೆಳಗಿಟ್ಟೆ" ಅನ್ನುತ್ತಿದ್ದೆ. ಎಂಥ ಶಾಣ್ಯಾ ಹುಡುಗಿ ನೋಡಿ ನಾನು!

ಹತ್ತನೇ ವರ್ಗ ಇಬ್ಬರೂ ಪಾಸಾದೆವು. ನನಗೆ ಸಾಯನ್ಸ್ ಓದುವ ಹುಚ್ಚು. ಅದಕ್ಕೆ ಧಾರವಾಡಕ್ಕೆ ಹೋಗಬೇಕು, ಅಲ್ಲಿ ಅವ್ವನ ಅಣ್ಣ ನಿಜಗುಣಪ್ಪ ಮಾವ ಇದ್ದ. ಅಪ್ಪನಿಗೂ ಮಾವನಿಗೂ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಮುನಿಸಾಗಿ, ಎರಡೂ ಮನೆಗಳ ನಡುವೆ ಮಾತು ನಿಂತು ಹೋಗಿತ್ತು. ಅಪ್ಪ ಸಂಜುವನ್ನು ಕರೆದು ಹೇಳಿದ್ದು ನನ್ನ ಎದುರಿಗೇ: "ನೀ ಹೋಗಿ ಕೇಳಿ ಬಾ. ನಿಮ್ಮ ಮಾವ ಇಬ್ಬರನೂ ಇಟಗೋತೇನಿ ಅಂದ್ರ ಇಬ್ಬರೂ ಹೋಗ್ರಿ. ನಂದೇನೂ ತಕರಾರಿಲ್ಲ."

ಸಂಜು ಧಾರವಾಡಕ್ಕೆ ಹೋದ, ಮರುದಿನ ಬಂದ. ಹಿತ್ತಲಲ್ಲಿ ನಾನು ಪಾತ್ರೆ ತಿಕ್ಕುತ್ತಿದ್ದೆ. ಕಲ್ಲಿನ ಮೇಲೆ ಕೂತು ಮೆಲ್ಲಗೆ ಹೇಳಿದ. "ಮಾವನ ಮನಿ ಸಣ್ಣದೈತಿ ಗಂಗಾ. ಒಬ್ಬರಿಗೇ ಜಾಗಂತ."

ಅಷ್ಟೇ ಹೇಳಿದ. 'ನೀನು ಉಳಿ' ಅನ್ನಲಿಲ್ಲ. ಅನ್ನುವುದು ಬೇಕೂ ಇರಲಿಲ್ಲ. ನನ್ನ ಬಾಯಿಂದ ತಾನಾಗಿಯೇ ಬಂತು, "ರಿಮೋಟ್ ಕೆಳಗಿಟ್ಟೆ ಅಣ್ಣಾ. ನೀ ಹೋಗ." ಅವನು ನನ್ನ ತಲೆ ಸವರಿದ. ನಾನು ಬೂದಿ ಹತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡೆ. ತ್ಯಾಗ ಮಾಡಿದ ಹಮ್ಮು ಬೇರೆ! ಎರಡು ವರ್ಷದಲ್ಲಿ ನನ್ನನ್ನು ಸವದತ್ತಿಗೆ ಕೊಟ್ಟರು. ಮದುವೆಗೆ ಮಾವ ಬಂದಿದ್ದ. ಅಕ್ಕಿಕಾಳು ಹಾಕುವಾಗ ಕಣ್ಣು ತುಂಬಿಕೊಂಡು, "ನೀನಾ ಬ್ಯಾಡಂದೆಲ್ಲವಾ ತಂಗಿ" ಅಂದ. ಅಣ್ಣನಿಗೆ ಜಾಗ ಬಿಟ್ಟುಕೊಟ್ಟೆಯಲ್ಲ ಅಂತ ಹೊಗಳುತ್ತಿದ್ದಾನೆ ಅಂದುಕೊಂಡು ನಾನು ತಲೆ ತಗ್ಗಿಸಿ ನಕ್ಕೆ. ಮರುವರ್ಷವೇ ಮಾವ ತೀರಿಕೊಂಡ.

ನನ್ನ ಗಂಡ ಒಳ್ಳೆಯ ಮನುಷ್ಯ, ಗಿರಣಿ ಚೆನ್ನಾಗಿ ನಡೆಯುತ್ತದೆ, ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ಪಟ್ಟೆ ಹರಿದಾಗ, ಮೋಟಾರು ಕೆಟ್ಟಾಗ, ಅದರೊಳಗೆ ಕೈ ಹಾಕಿ ಸರಿಮಾಡುವಾಗೆಲ್ಲ ಒಂದು ಕಾಲೇಜು ನನ್ನ ಕಣ್ಣ ಮುಂದೆ ಬಂದು ಹೋಗುತ್ತಿತ್ತು. ಆಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ಯಾರದೇನು ತಪ್ಪು, ಜಾಗ ಒಂದೇ ಇತ್ತು.

ಎರಡು ಸಾವಿರದ ಎಂಟರ ಪಂಚಮಿಗೆ ಬಂದವಳು ವಾಡಿಕೆಯಂತೆ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಡಬ್ಬಿಗೆ ತುಂಬಿಕೊಂಡು ಜಮೀಲಾಬಿಗೆ ಕೊಡಲು ಹೋದೆ. ಕಾಕಾನ ಅಂಗಡಿ ಈಗ ಸೈಬರ್ ಕೆಫೆ. ಮಗ ಸಾಜಿದ್ ನೋಡಿಕೊಳ್ಳುತ್ತಾನೆ. ಸಂಜುವಿನ ವಾರಿಗೆಯವನು, ಅವನ ಜೀವದ ಗೆಳೆಯ. ನನ್ನನ್ನು ಕಂಡವನು, "ಬಾರs ಗಂಗಾ, ಒಂದ ಮಜಾ ತೋರಸ್ತೇನಿ" ಅಂತ ಒಳಗಿನ ಕಂಪ್ಯೂಟರಿನ ಮುಂದೆ ಕೂರಿಸಿದ.

ತೆರೆಯ ಮೇಲೆ ಕೆಂಪು ರುಮಾಲು, ನೀಲಿ ರುಮಾಲು!

"ಹಳೇ ಆಟಗೋಳನ್ನ ಹೊಸದಾಗಿ ಬಿಡಾಕತ್ತಾರ," ಅಂದ ಸಾಜಿದ್. "ಈಗ ಕ್ಯಾಸೆಟ್ಟಿಲ್ಲ ಏನಿಲ್ಲ, ಇಂಟರ್ನೆಟ್‌ದಾಗಿಂದ ಇಳಿಸ್ಕೊಳ್ಳೂದು. ಮುಂಜಾನೆ ಹಚ್ಚಿದ್ದು ಸಂಜೀಕ ಇಳೀತ ನೋಡ. ಒಂದೊಂದ ದೇಶಕ್ಕ ಒಂದೊಂದ ನಮೂನಿ ಮಾಡ್ಯಾರ. ನಮ್ಮ ಕಡೆದ್ರಾಗ ಮಾತೆಲ್ಲಾ ಹಿಂದ್ಯಾಗ ಅದಾವು. ತಗೋ."

ಅವನು ಕೊಟ್ಟದ್ದು ಮೊದಲನೇ ರಿಮೋಟ್, ಎರಡನೆಯದನ್ನು ತಾನು ಹಿಡಿದ. ಜನ್ಮದಲ್ಲಿ ಅದನ್ನು ಹಿಡಿದಿರಲಿಲ್ಲ. ಹಾವು, ಹದ್ದು, ಬಂಡೆ, ಎಲ್ಲ ಎಲ್ಲಿದ್ದವೋ ಅಲ್ಲೇ ಇದ್ದವು, ಬೆರಳು ಮರೆತಿರಲಿಲ್ಲ. ಜಮೀಲಾಬಿ ತಂದಿಟ್ಟ ಚಹಾ ಆರಿತು. ಹೊಳೆ ಬಂತು. ಅಂಬಿಗ ಬಂದ. ಇಷ್ಟು ವರ್ಷ ಇರುವೆಯ ಸಾಲಾಗಿದ್ದ ಅವನ ಮಾತು ಈಗ ನಾನು ಓದಬಲ್ಲ ಹಿಂದಿಯಲ್ಲಿ ನಿಂತಿತ್ತು.

"ಅಕೇಲೇ ಜಾಓಗೇ?"

ಒಬ್ಬನೇ ಹೋಗುತ್ತೀಯಾ? ಅದರ ಕೆಳಗೆ "ಹಾಂ". ಅದರ ಕೆಳಗೆ "ನಹೀಂ".

ಮೇಲಿನದು ಹೌದು. ಕೆಳಗಿನದು ಇಲ್ಲ. ಇಷ್ಟೇ. ನಾನು ಸಾಜಿದ್‌ನ ಕಡೆ ನೋಡಿದೆ, ಅವನು ಗೋಡೆ ನೋಡುತ್ತಿದ್ದ. ಕೆಳಗಿನದನ್ನು ಒತ್ತಿದೆ. ಅಂಬಿಗ ಸರಿದು ಕೂತ. ಕೆಂಪಿನವನು ಹತ್ತಿದ, ಹಿಂದೆಯೇ ನೀಲಿಯವನು ಹತ್ತಿದ. ನಾನು ಒಮ್ಮೆಯೂ ಕೇಳಿರದ ಒಂದು ಹಾಡು ಶುರುವಾಯಿತು. ದೋಣಿಯಲ್ಲಿ ಇನ್ನೂ ಜಾಗ ಮಿಕ್ಕಿತ್ತು.

ಊಟಕ್ಕೆ ಕರೆಯಲು ಸಂಜು ಬಂದದ್ದು ಅದೇ ಹೊತ್ತಿಗೆ. ಬಾಗಿಲಲ್ಲೇ ನಿಂತು ತೆರೆ ನೋಡಿದ, ನನ್ನ ಮುಖ ನೋಡಿದ.

"ಆವಾಗ ಹಿಂಗಿರಲಿಲ್ಲ ಗಂಗಾ," ಅಂದ. "ಹೊಸದಾಗಿ ಬಿಡೂಮುಂದ ಬದಲ ಮಾಡತಾರ. ದೇಶಕ್ಕೊಂದ ನಮೂನಿ. ನಮ್ಮ ಮಂದಿಗೆ ಅಣ್ಣತಮ್ಮ ಕೂಡಿ ಹೋದ್ರ ಚಲೋ ಅನಸತೈತಂತ ಹಂಗ ಮಾಡ್ಯಾರ. ಹಳೇದ್ರಾಗ ಒಬ್ಬರಿಗೇ ಇತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅನ್ನುವುದಕ್ಕೂ ಮೊದಲೇ ಹೆಗಲು ಒರೆಸಿಕೊಳ್ಳುವುದು ನಡೆದಿತ್ತು. ಆದರೂ ನೋಡಿ, ನಂಬಿದ ಮನಸ್ಸು ಎಷ್ಟು ನಾಚಿಕೆಗೆಟ್ಟದ್ದು. ಇರಬಹುದು, ಬದಲು ಮಾಡಿರಬಹುದು ಅಂತ ಒಂದು ಗಳಿಗೆ ನಾನೂ ಅಂದುಕೊಂಡೆ. ಹಾಗೇ ಆಗಿರಲಿ ದೇವರೇ ಅಂತ ಬೇಡಿಕೊಂಡೆ.

ಒಳಗಿನಿಂದ ಟಿಪ್ಪುಸಾಬ ಕಾಕಾ ಕೋಲೂರುತ್ತ ಬಂದ. ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. "ಅದಕ್ಯಾಕ ಜಗಳಾಡತೀರ್ಯೋ? ಹಳೇ ಸೆಟ್ಟೂ ಐತಿ, ಕ್ಯಾಸೆಟ್ಟೂ ಐತಿ, ಅಟ್ಟದ ಮ್ಯಾಲ. ಸಾಜಿದ್, ತಗಿ ಅದನ್ನ."

"ಈಗ್ಯಾಕ ಬಿಡ್ರಿ ಕಾಕಾ, ಊಟಕ್ಕ ಹೊತ್ತಾತು," ಅಂದ ಸಂಜು.

"ತಗೀರಿ ಕಾಕಾ," ಅಂದೆ ನಾನು.

ಹಳೆಯ ಟಿವಿಯೂ ಬಂತು. ಅದರ ಮೂಲೆಯಲ್ಲಿ ಆ ಬಿಳಿ ಪಟ್ಟಿ ಹಳದಿಯಾಗಿ ಇನ್ನೂ ಕಚ್ಚಿಕೊಂಡಿತ್ತು. ಕಾಕಾ ಕ್ಯಾಸೆಟ್ಟಿನ ಬಾಯಿಗೆ ಫೂ ಅಂತ ಊದಿ, ಕುಟ್ಟಿ, ಸಿಕ್ಕಿಸಿದ. ಗೆರೆ ಗೆರೆ ಬಂದು ಕೊನೆಗೆ ಚಿತ್ರ ನಿಂತಿತು. ನಾನು ಮೊದಲನೆಯದನ್ನು ಹಿಡಿದು, ಎರಡನೇ ರಿಮೋಟನ್ನು ಅಣ್ಣನ ಕಡೆ ಚಾಚಿದೆ. ಕಾಕಾ ನೋಡುತ್ತಿದ್ದ, ಜಮೀಲಾಬಿ ನೋಡುತ್ತಿದ್ದಳು. ಸಂಜು ಕೂತ. ನೀಲಿ ರುಮಾಲನ್ನು ಓಡಿಸಿದ, ಹಾರಿಸಿದ. ಬೇಕಂತಲೇ ಎರಡು ಸಲ ಸತ್ತ. ನಾನು ಬಿಡಲಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿದೆ.

ಹೊಳೆ ಬಂತು. ಅಂಬಿಗ ಇರುವೆಯ ಭಾಷೆಯಲ್ಲಿ ಕೇಳಿದ. ಉತ್ತರ ತೋರಿಸುವ ಬಾಣದ ಗುರುತನ್ನು ನಾನು ಕೆಳಗಿಳಿಸಿದೆ, ಆ ಎರಡೆರಡು ಕಡ್ಡಿಯ ಮೇಲೆ.

"ಬ್ಯಾಡ ಗಂಗಾ!" ಅಂದ ಸಂಜು. "ಕ್ಯಾಸೆಟ್ಟ ಸುಡತೈತಿ!"

ಕೆಮಿಸ್ಟ್ ಸಾಹೇಬರು. ಮೀಸೆ ಬಂದ ಗಂಡಸು, ಮದುವೆಯಾಗಿ ಮಗುವಿನ ತಂದೆಯಾದವನು ಅದನ್ನು ಹೇಳಿದ. ಹೇಳಿದ ಮೇಲೆ ತಾನೇ ತುಟಿ ಕಚ್ಚಿಕೊಂಡ. ನನಗೆ ಅಲ್ಲಿಗೇ ಎಲ್ಲ ತಿಳಿಯಿತು, ಗುಂಡಿ ಒತ್ತುವುದೇ ಬೇಕಿರಲಿಲ್ಲ. ಆದರೂ ಒತ್ತಿದೆ. ಅಂಬಿಗ ಸರಿದು ಕೂತ. ಇಬ್ಬರೂ ಹತ್ತಿದರು. ಅದೇ ಹಾಡು, ಹಳೆಯ ಟಿವಿಯ ಒಡಕು ದನಿಯಲ್ಲಿ.

ಕಾಕಾ ಚಪ್ಪಾಳೆ ಹೊಡೆದು ನಕ್ಕ. "ಸುಡಲೇ ಇಲ್ಲಲ್ಲೋ ಸಂಜು! ಸುಮ್ಮಸುಮ್ಮನ ಪಟ್ಟಿ ಹಚ್ಚಿದೆ ನಾ!" ಉಗುರಿನಿಂದ ಆ ಪಟ್ಟಿ ಕೆರೆಯತೊಡಗಿದ. ಪಾಪ, ಅವನಿಗೆ ಅದು ಬರೀ ಆಟ.

ಸಂಜು ಎದ್ದು ಹೊರಗೆ ಹೋದ. ಸಾಜಿದ್ ನನ್ನ ಎದುರಿಗೆ ಕೂತು ನೆಲ ನೋಡುತ್ತ ಹೇಳಿದ. "ನಾನೂ ಅವನೂ ಇಬ್ಬರೂ ದಾಟೇವಿ ಗಂಗಾ, ಆವಾಗs. ಗಂಗಾಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ದ. ಹುಡುಗರ ಆಟ ಅಂತ ಸುಮ್ಮನಾದೆ. ಇದು ಹಿಂದ್ಯಾಗ ಬಂದ ಮ್ಯಾಲ ತಡೀಲಿಲ್ಲ ಜೀವ. ಬಾಯಿಲೆ ಹೇಳಾಕ ಆಗಲಿಲ್ಲ, ಅದಕ್ಕ ನಿನ್ನ ಕೈಯಾಗ ಮೊದಲನೇದು ಕೊಟ್ಟೆ."

ಹಾಗಾದರೆ ಅವನಿಗೂ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಾಗ ಬದುವಿನ ಮೇಲೆ ಕೂತು ನೋಡಿದವನು. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ತ್ರಾಣವೂ ನನಗಿರಲಿಲ್ಲ. ಡಬ್ಬಿ ಅಲ್ಲೇ ಬಿಟ್ಟು ಹೊರಬಿದ್ದೆ.

ಸಂಜು ಬಜಾರದ ಮೂಲೆಯಲ್ಲಿ ನಿಂತಿದ್ದ. ಇಬ್ಬರೂ ಕೂಡಿ ನಡೆದೆವು, ಸಾಲೆಯಿಂದ ಬರುತ್ತಿದ್ದ ಅದೇ ದಾರಿ.

"ಸಣ್ಣವಿದ್ವಿ," ಅಂದ. "ಬಾಗಿಲ ಮ್ಯಾಲ ನನ್ನ ಹೆಸರು ಒಂದ ಇರಲಿ ಅನಸ್ತಿತ್ತು. ಒಂದ ಆಟದ ಸಲುವಾಗಿ ಇಷ್ಟ ಮನಸಿಗೆ ಹಚ್ಕೋತಾರೇನು?"

"ಆಟದ್ದ ಬಿಡು," ಅಂದೆ. "ಮಾವ ಏನಂದಿದ್ದ?"

ಅವನು ನಿಂತ. ನಾನೂ ನಿಂತೆ. ಒಂದು ಎತ್ತಿನ ಗಾಡಿ ದಾಟಿ ಹೋಯಿತು.

"ಯಾವ ಮಾವ?"

"ಸಂಜ್ಯಾ." ಹುಟ್ಟಿದಾಗಿನಿಂದ ಅಣ್ಣಾ ಅಂದವಳು, ಹಾಗೆ ಕರೆದದ್ದು ಅದೇ ಮೊದಲು. "ನನ್ನ ಮಾರಿ ನೋಡಿ ಹೇಳು. ನಿಜಗುಣಪ್ಪ ಮಾವ ಏನಂದಿದ್ದ?"

ಅವನು ನನ್ನ ಮುಖ ನೋಡಲಿಲ್ಲ. "ಇಬ್ಬರನೂ ಕಳಸ್ರಿ ಅಂದಿದ್ದ," ಅಂದ. "ಹೊರಗಿನ ಖೋಲಿ ಖಾಲಿ ಮಾಡಿಸಿ ಇಟ್ಟಿದ್ದ. ನಾನಾ ಹೇಳಿದೆ, ಗಂಗಾ ಒಲ್ಲೆ ಅಂದಾಳ, ಆಕೀಗೆ ಓದೂದು ಬ್ಯಾಡಾಗೈತಿ ಅಂತ."

ನೀನಾ ಬ್ಯಾಡಂದೆಲ್ಲವಾ ತಂಗಿ. ಮಾವ ಕಣ್ಣು ತುಂಬಿಕೊಂಡು ಅಂದದ್ದು ಹೊಗಳಿಕೆಯಲ್ಲ, ಬೇಸರ. ಅವನು ಕೊಟ್ಟದ್ದನ್ನು ನಾನು ಒದ್ದೆನೆಂದು ನಂಬಿಕೊಂಡೇ ಸತ್ತ. ನಾನೋ, ತಲೆ ತಗ್ಗಿಸಿ ನಕ್ಕಿದ್ದೆ!

"ಯಾಕ?"

"ನೀ ಇದ್ರ ಅಲ್ಲೂ ನೀನಾ ಮುಂದ ಆಗ್ತಿದ್ದಿ," ಅಂದ. "ಸಾಲ್ಯಾಗ ಹತ್ತ ವರ್ಷ ಅದನ್ನs ಕೇಳೇನಿ. ತಂಗೀನ ನೋಡಿ ಕಲಿ, ತಂಗೀನ ನೋಡಿ ಕಲಿ. ಒಂದ ಕಡೆಗರೆ ನಾ ಒಬ್ಬನs ಇರಬೇಕ ಅನಸ್ತು. ನಿನಗ ಏನ ಕಡಿಮಿ ಆಗೇತಿ ಈಗ? ನಾ ಪಂಚಮಿಗೆ ಬರೂದಿಲ್ಲೇನು? ಸೀರಿ ತರೂದಿಲ್ಲೇನು?"

ಬೈಯಬೇಕೆಂದು ಬಾಯಿ ತೆರೆದೆ. ಗಿರಣಿಯ ಸದ್ದಿನ ಮೇಲೆ ದನಿ ಎತ್ತಿ ಮಾತಾಡಿ ರೂಢಿಯಾದವಳು ನಾನು, ಬೈಗುಳಕ್ಕೆ ಕೊರತೆಯಿಲ್ಲ. ಆದರೆ ವೈರಿ ಹೊಡೆದರೆ ಬೈಯಬಹುದು. ಇವನು ಹೊಡೆದದ್ದು ನನ್ನದೇ ಮಾತು ತೆಗೆದುಕೊಂಡು. ನಾನೇ ರಿಮೋಟ್ ಕೆಳಗಿಡುವ ಹಾಗೆ ಮಾಡಿದ, ಇಟ್ಟಮೇಲೆ ತಲೆಯನ್ನೂ ಸವರಿದ. ಆ ತಲೆ ಸವರಿದ ಕೈಯನ್ನು ನಾನು ಕ್ಷಮಿಸಲಾರೆ.

ಮರುದಿನ ಪಂಚಮಿ. ದೇವರ ಮುಂದೆ ಮಣ್ಣಿನ ನಾಗಪ್ಪ, ಅರಳು, ಉಂಡಿ. ನಮ್ಮಲ್ಲಿ ಹಾಲೆರೆಯುವುದು ಹೀಗೆ: ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಅಂತ ಹೇಳಿ ಹನಿಸುವುದು. ಮನೆಯ ಹೆಣ್ಣುಮಗಳು ಎಲ್ಲರ ಪಾಲೂ ಹೇಳುತ್ತಾಳೆ, ತನ್ನದನ್ನು ಹೇಳುವುದಿಲ್ಲ. ಅವ್ವ, ಅಪ್ಪ, ಅತ್ತಿಗೆ ಸುತ್ತ ನಿಂತಿದ್ದರು. ಸಂಜು ನನ್ನ ಬಲಕ್ಕೆ, ಹೊಸ ಅಂಗಿ ಹಾಕಿಕೊಂಡು ಕೈ ಮುಗಿದು ನಿಂತಿದ್ದ.

"ದೇವರ ಪಾಲ," ಅಂದೆ. "ಗುರುವಿನ ಪಾಲ. ಅಪ್ಪನ ಪಾಲ. ಅವ್ವನ ಪಾಲ." ಸ್ವಲ್ಪ ತಡೆದು, "ನಿಜಗುಣಪ್ಪ ಮಾವನ ಪಾಲ" ಅಂದೆ. ಸತ್ತವರ ಹೆಸರು ಇದರಲ್ಲಿ ಬರುವುದಿಲ್ಲ. ಅವ್ವ ಬೆಚ್ಚಿ ನೋಡಿದಳು. ಸಂಜುವಿನ ಮುಗಿದ ಕೈ ಸಡಿಲಾಯಿತು.

"ಅಣ್ಣನ ಪಾಲ ಅನ್ನs," ಅಂದಳು ಅವ್ವ.

ಬಟ್ಟಲಲ್ಲಿ ಇನ್ನೂ ಹಾಲಿತ್ತು, ಇಬ್ಬರಿಗೆ ಸಾಕಾಗುವಷ್ಟು. ಸಂಜು ಬಟ್ಟಲನ್ನೇ ನೋಡುತ್ತಿದ್ದ.

"ನನ್ನ ಪಾಲ," ಅಂದೆ. ಉಳಿದದ್ದನ್ನೆಲ್ಲ ಎರೆದುಬಿಟ್ಟೆ.

"ಏನ ಮಾಡ್ದೀ ಗಂಗಾ! ಅಣ್ಣಂದು ಉಳೀತಲ್ಲs!"

ಖಾಲಿ ಬಟ್ಟಲನ್ನು ಅಣ್ಣನ ಮುಂದೆ ಕೆಳಗಿಟ್ಟೆ.

"ಒಬ್ಬರಿಗೇ ಇತ್ತವ್ವಾ," ಅಂದೆ.